ಬೆರಳಿನ ನೆನಪೂ ನಮ್ಮ ಗುಪ್ತಸಂಖ್ಯೆಗಳೂ



ಅಣಬೆರೋಗ, ಬೋರ್ಡೋ ದ್ರಾವಣ, ಅಡಿಕೆ ಧಾರಣೆ, ಕಾಫಿಯ ಕಾಯಿಕೊರಕ, ಸಾಲದ ಕಂತು ಇವುಗಳ ಬಗ್ಗೆ ಈ ಪತ್ರಿಕೆಯಲ್ಲಿ ನಾವು ಬರೆಯುತ್ತ ಬಂದಿದ್ದೇವೆ. ಈ ಸಲ ತೋಟಕ್ಕೆ ನೇರವಾಗಿ ಸೇರದ, ಆದರೆ ತೋಟದ ಹಣ ಕೈಸೇರುವುದಕ್ಕೆ ಬಹಳ ಹತ್ತಿರದ ಒಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ಕಳೆದ ಕೊಯ್ಲಿನಲ್ಲಿ ನಮಗೇ ಆದ ಒಂದು ಮುಜುಗರ ಮತ್ತು ಅದರ ಬೆನ್ನಿಗೇ ಸದಸ್ಯರೊಬ್ಬರ ಮನೆಯಲ್ಲಿ ಕಂಡ ಒಂದು ಕಷ್ಟ ಇದಕ್ಕೆ ಕಾರಣ. ಮೊದಲನೆಯದನ್ನು ಕೇಳಿ ಸದಸ್ಯರು ನಗಬಹುದು. ಎರಡನೆಯದು ನಗುವಂಥದಲ್ಲ.

ಶನಿವಾರದ ಬಟವಾಡೆ

ನಾವು ಸಿ.ಎಸ್. ಪುರದಲ್ಲಿ ಅಡಿಕೆ ತೋಟ ಮಾಡಿಕೊಂಡು, ಅದರ ನೆರಳಿನಲ್ಲಿ ನಾಲ್ಕು ಸಾಲು ಕಾಫಿಯನ್ನೂ ಹಾಕಿಕೊಂಡಿರುವವರು. ಶನಿವಾರ ಸಂಜೆ ಗೊನೆ ಇಳಿಸುವವರಿಗೂ ಅಡಿಕೆ ಸುಲಿಯುವ ಹೆಂಗಸರಿಗೂ ಬಟವಾಡೆ ಮಾಡುವುದು ವಾಡಿಕೆ. ಫೋನಿಗೇ ಹಣ ಹಾಕಿಸಿಕೊಳ್ಳುವವರು ಈಗ ಇದ್ದಾರಾದರೂ, ಸುಲಿಯಲು ಬರುವ ಹೆಂಗಸರಲ್ಲಿ ಹೆಚ್ಚಿನವರು ನೋಟನ್ನೇ ಕೇಳುತ್ತಾರೆ. ಆ ಶನಿವಾರ ಬೆಳಿಗ್ಗೆ ಸುಲಿಯುವ ಕತ್ತಿ ತಾಗಿ ನಮ್ಮ ಬಲಗೈಯ ತೋರುಬೆರಳೂ ನಡುಬೆರಳೂ ಗಾಯವಾಗಿ, ದಪ್ಪನಾದ ಪಟ್ಟಿ ಕಟ್ಟಿಸಿಕೊಂಡಿದ್ದೆವು. ಸಂಜೆ ಎ.ಟಿ.ಎಂ. ಯಂತ್ರದ ಮುಂದೆ ನಿಂತು ಎಡಗೈಯಿಂದ ಕಾರ್ಡನ್ನು ಹಾಕಿದೆವು. ಯಂತ್ರ ಪಿನ್ ಎಂದು ಕರೆಯುವ ಗುಪ್ತಸಂಖ್ಯೆಯನ್ನು ಕೇಳಿತು. ಎಡಗೈ ಎತ್ತಿದೆವು. ಸಂಖ್ಯೆ ಬರಲಿಲ್ಲ.

ಹನ್ನೆರಡು ವರ್ಷಗಳಿಂದ ವಾರಕ್ಕೊಮ್ಮೆಯಾದರೂ ಒತ್ತಿದ ಸಂಖ್ಯೆ ಅದು. ಎಡಗೈಯಲ್ಲಿ ಒಂದು ಸಲ ಒತ್ತಿದೆವು, ತಪ್ಪು ಎಂದಿತು. ಮೊದಲ ಎರಡು ಅಂಕಿಗಳು ಅದಲುಬದಲಾಗಿರಬಹುದೆಂದು ಇನ್ನೊಂದು ಸಲ ಒತ್ತಿದೆವು, ಅದೂ ತಪ್ಪಾಯಿತು. ಹಿಂದೆ ಮೂರು ಜನ ಕಾಯುತ್ತಿದ್ದರು. ಗಾಬರಿಯಲ್ಲಿ ಮೂರನೆಯ ಸಲವೂ ಒತ್ತಿದೆವು. ಕಾರ್ಡು ಆ ದಿನಕ್ಕೆ ತಡೆಹಿಡಿಯಲ್ಪಟ್ಟಿತು. ಕಣದಲ್ಲಿ ಹದಿನಾಲ್ಕು ಜನ ಕೂಲಿಗೆ ಕಾಯುತ್ತ ಕುಳಿತಿದ್ದರು. ಕೊನೆಗೆ ಪರಿಚಯದ ದಿನಸಿ ಅಂಗಡಿಯವರಲ್ಲಿ ಕೈಗಡ ತಂದು ಬಟವಾಡೆ ಮಾಡಿದೆವು. ವಿಷಯ ತಿಳಿದ ಮೇಸ್ತ್ರಿ, "ದುಡ್ಡು ಮಿಷಿನ್ ಒಳಗೈತೆ, ನಂಬರು ಪಟ್ಟಿ ಒಳಗೈತೆ ಅನ್ನಿ ಸಾರ್" ಎಂದು ನಕ್ಕ. ಅವನು ತಮಾಷೆಗೆ ಆಡಿದ ಮಾತು ನಿಜವೇ ಆಗಿತ್ತು.

ರಾತ್ರಿ ನಮ್ಮ ಮನೆಯವರು, "ಅಷ್ಟು ವರ್ಷದಿಂದ ಒತ್ತುತ್ತಿದ್ದೀರಿ, ನಂಬರೇ ಗೊತ್ತಿಲ್ಲ ಅಂದ್ರೆ ಏನ್ರೀ?" ಎಂದರು. ಉತ್ತರ ಇರಲಿಲ್ಲ. ಊಟವಾದ ಮೇಲೆ ಪಟ್ಟಿ ಬಿಚ್ಚಿ, ಕಣ್ಣು ಮುಚ್ಚಿ, ಯಂತ್ರದ ಮುಂದೆ ನಿಂತಿರುವೆವೆಂದು ಭಾವಿಸಿ ಮೊಣಕಾಲಿನ ಮೇಲೆ ಬೆರಳಾಡಿಸಿದೆವು. ಬೆರಳುಗಳು ತಡವರಿಸದೆ ನಾಲ್ಕು ಕಡೆ ಇಳಿದವು. ಒಂದು ಚೀಟಿಯಲ್ಲಿ ಒಂಬತ್ತು ಮನೆ ಬರೆದು, ಬೆರಳು ಇಳಿದ ಜಾಗಗಳನ್ನು ನೋಡಿದಾಗಲೇ ಸಂಖ್ಯೆ ಯಾವುದೆಂದು ನಮಗೆ ತಿಳಿದದ್ದು. ಚೀಟಿಯನ್ನು ಒಲೆಗೆ ಹಾಕಿದೆವು. ಆ ಸಂಖ್ಯೆಯನ್ನು ಈಗ ಬದಲಾಯಿಸಿಯೂ ಆಗಿದೆಯೆಂದು ಕುತೂಹಲವಿರುವವರಿಗೆ ತಿಳಿಸುತ್ತೇವೆ.

ನೆನಪು ಇರುವುದೆಲ್ಲಿ?

ಇಂಥ ನೆನಪನ್ನು ಇಂಗ್ಲಿಷ್ ಬಲ್ಲವರು 'ಮಸಲ್ ಮೆಮೊರಿ', ಅಂದರೆ ಸ್ನಾಯುವಿನ ನೆನಪು ಎನ್ನುತ್ತಾರೆ. ಹೆಸರು ಹಾಗಿದ್ದರೂ ಅದು ಸ್ನಾಯುವಿನಲ್ಲಿ ಇರುವುದಿಲ್ಲ, ಮಿದುಳಿನಲ್ಲಿಯೇ ಇರುತ್ತದೆ. ಆದರೆ ಮಿದುಳು ಎಲ್ಲ ನೆನಪುಗಳನ್ನೂ ಒಂದೇ ಉಗ್ರಾಣದಲ್ಲಿ ಇಡುವುದಿಲ್ಲ. ಮಗಳ ಮದುವೆ ಯಾವ ವರ್ಷ, ಹೋದ ಸಲ ಅಡಿಕೆ ಕ್ವಿಂಟಾಲಿಗೆ ಎಷ್ಟಕ್ಕೆ ಹೋಯಿತು ಎಂಬುವು ಬಾಯಿಬಿಟ್ಟು ಹೇಳಬಲ್ಲ ನೆನಪುಗಳು. ಸೈಕಲ್ ತುಳಿಯುವುದು, ಸಹಿ ಮಾಡುವುದು, ಅಡಿಕೆ ಸುಲಿಯುವುದು ಇವು ಮಾಡಿ ತೋರಿಸಬಲ್ಲ ನೆನಪುಗಳು. ಎರಡನೆಯ ಬಗೆಯದಕ್ಕೆ ಮಿದುಳಿನ ಆಳದಲ್ಲಿರುವ ನರಗಂಟುಗಳೂ ಹಿಂಭಾಗದ ಚಿಕ್ಕಮಿದುಳೂ ಮುಖ್ಯವಾಗಿ ಬೇಕಾಗುತ್ತವೆ.

ಈ ಎರಡೂ ಬೇರೆಬೇರೆ ಎಂಬುದು ಒಬ್ಬ ರೋಗಿಯಿಂದ ಸ್ಪಷ್ಟವಾಯಿತು. ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ ಮೂರ್ಛೆರೋಗ ಬಹಳವಾಗಿದ್ದರಿಂದ 1953ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಲಾಯಿತು. ಮೂರ್ಛೆ ಕಡಿಮೆಯಾಯಿತು. ಆದರೆ ಆಮೇಲೆ ನಡೆದ ಯಾವ ಹೊಸ ಸಂಗತಿಯೂ ಅವನ ನೆನಪಿನಲ್ಲಿ ನಿಲ್ಲದಂತಾಯಿತು. ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಅವನಿಗೆ ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟರು. ಮೂರು ದಿನಗಳಲ್ಲಿ ಅವನ ಕೈ ದಿನದಿಂದ ದಿನಕ್ಕೆ ಪಳಗಿತು. ಹಿಂದೆ ಆ ಕೆಲಸ ಮಾಡಿದ್ದೇನೆಂಬುದೇ ಅವನಿಗೆ ತಿಳಿದಿರಲಿಲ್ಲ. ಹೇಳುವ ನೆನಪು ಕೆಟ್ಟುಹೋದರೂ ಮಾಡುವ ನೆನಪು ಉಳಿದಿತ್ತು. 2008ರಲ್ಲಿ ಆತ ತೀರಿಕೊಳ್ಳುವವರೆಗೂ ವಿಜ್ಞಾನಿಗಳು ಆತನಿಂದ ಕಲಿಯುತ್ತಲೇ ಇದ್ದರು.

ನಮ್ಮಲ್ಲಿ ಆಗುವುದು ಇದರ ತಿರುಗುಮುರುಗು. ಹೊಸ ಗುಪ್ತಸಂಖ್ಯೆ ಬಂದಾಗ ಮೊದಲು ತಲೆಯಲ್ಲಿ ಅಂಕಿಯಾಗಿಯೇ ಇರುತ್ತದೆ. "ಏಳು, ಮೂರು" ಎಂದು ಮನಸ್ಸಿನಲ್ಲಿ ಹೇಳಿಕೊಂಡು ಒತ್ತುತ್ತೇವೆ. ನೂರಾರು ಸಲ ಒತ್ತಿದ ಮೇಲೆ ಕೈಗೆ ದಾರಿ ಗೊತ್ತಾಗಿ, ಹೇಳಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಬಳಸದ ಕಾಲುದಾರಿಯಲ್ಲಿ ಹುಲ್ಲು ಬೆಳೆಯುವಂತೆ, ಹೇಳಿಕೊಳ್ಳದ ಅಂಕಿ ಮಸುಕಾಗುತ್ತದೆ. ಉಳಿಯುವುದು ಬೆರಳಿನ ಓಟವೊಂದೇ.

ಮನೆಯ ಹೆಣ್ಣುಮಕ್ಕಳನ್ನು ರಂಗೋಲಿಯ ಯಾವ ಎಳೆ ಎಲ್ಲಿ ತಿರುಗುತ್ತದೆಂದು ಬಾಯಲ್ಲಿ ಕೇಳಿ ನೋಡಿರಿ. "ಇರಿ, ಹಾಕಿ ನೋಡಿ ಹೇಳ್ತೀನಿ" ಎನ್ನುತ್ತಾರೆ. ಏಳೆಂಟ್ಲಿ ಎಷ್ಟು ಎಂದು ಕೇಳಿದರೆ ನಮ್ಮಲ್ಲಿ ಅನೇಕರು ಏಳೊಂದ್ಲಿಯಿಂದ ಶುರುಮಾಡಿ ಅಲ್ಲಿಗೆ ಬರಬೇಕು. 1884ರಲ್ಲಿ ನಾಟಕ ಕಂಪನಿ ಹುಟ್ಟಿದ ಗುಬ್ಬಿ ಸೀಮೆಯವರಾದ ನಮಗೆ ಇನ್ನೊಂದು ಉದಾಹರಣೆಯೂ ಹತ್ತಿರದ್ದು. ಹಳ್ಳಿಯ ಕುರುಕ್ಷೇತ್ರ ನಾಟಕದಲ್ಲಿ ದುರ್ಯೋಧನನ ಪಾತ್ರ ಮಾಡುವವರನ್ನು ತೋಟದ ಬದುವಿನ ಮೇಲೆ ಕೂರಿಸಿ, ಪದ್ಯದ ಮೂರನೆಯ ಸಾಲನ್ನು ಮಾತ್ರ ಹೇಳಿರೆಂದರೆ ತಡವರಿಸುತ್ತಾರೆ. ಗದೆ ಹೆಗಲೇರಿ ಹಾರ್ಮೋನಿಯಂ ಮಾಸ್ತರರು ಶ್ರುತಿ ಕೊಟ್ಟರೆ ಆ ಸಾಲು ತಾನಾಗಿ ಬರುತ್ತದೆ. ಇಂಥ ನೆನಪು ಒಂದು ಸರಪಳಿ. ತುದಿ ಸಿಕ್ಕರೆ ಎಲ್ಲವೂ ಬರುತ್ತದೆ, ನಡುವಿನ ಕೊಂಡಿಯನ್ನು ಮಾತ್ರ ಕೀಳಲಾಗದು.

ಟೈಪಿಂಗ್ ಶಾಲೆಗೆ ಹೋಗಿ ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿದ ಸದಸ್ಯರು ನಮ್ಮಲ್ಲಿದ್ದಾರೆ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಚೆನ್ನಾಗಿ ಟೈಪ್ ಮಾಡಬಲ್ಲ ನೂರು ಜನರಿಗೆ ಖಾಲಿ ಕೀಲಿಮಣೆಯ ಚಿತ್ರ ಕೊಟ್ಟು ಅಕ್ಷರಗಳನ್ನು ತುಂಬಿಸಲು ಹೇಳಿದರು. 2014ರಲ್ಲಿ ಪ್ರಕಟವಾದ ಅವರ ವರದಿಯಂತೆ, ನಿಮಿಷಕ್ಕೆ ಸರಾಸರಿ 72 ಪದಗಳನ್ನು ಟೈಪ್ ಮಾಡುವ ಆ ಜನ 26 ಅಕ್ಷರಗಳಲ್ಲಿ ಸರಾಸರಿ 15ನ್ನು ಮಾತ್ರ ಸರಿಯಾದ ಜಾಗದಲ್ಲಿ ಬರೆಯಬಲ್ಲವರಾಗಿದ್ದರು. ಆದುದರಿಂದ ನಮಗಾದ ಮರೆವನ್ನು ವಯಸ್ಸಿನ ಮೇಲೆ ಹೊರಿಸಬೇಕಾಗಿಲ್ಲವೆಂದು ಸಮಾಧಾನಪಟ್ಟುಕೊಂಡೆವು.

ನಾಲ್ಕೇ ಅಂಕಿ ಏಕೆ?

ಹಣ ಕೊಡುವ ಯಂತ್ರವನ್ನು ಬಾರ್ಕ್ಲೇಸ್ ಬ್ಯಾಂಕು ಲಂಡನ್ನಿನ ಎನ್‌ಫೀಲ್ಡ್ ಶಾಖೆಯಲ್ಲಿ 1967ರ ಜೂನ್ 27ರಂದು ಮೊದಲಿಗೆ ಸಾರ್ವಜನಿಕರಿಗಾಗಿ ತೆರೆಯಿತು. ಅದನ್ನು ರೂಪಿಸಿದ ಜಾನ್ ಷೆಫರ್ಡ್-ಬ್ಯಾರನ್ 1925ರಲ್ಲಿ ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ. ತಮ್ಮ ಸೈನ್ಯದ ಸಂಖ್ಯೆಯಂತೆ ಗುಪ್ತಸಂಖ್ಯೆಗೂ ಆರು ಅಂಕಿ ಇರಲೆಂದು ಅವರು ಯೋಚಿಸಿದ್ದರಂತೆ. ಅಡಿಗೆಮನೆಯ ಮೇಜಿನ ಬಳಿ ಹೆಂಡತಿಯನ್ನು ಕೇಳಿದಾಗ ಆಕೆ ತನಗೆ ನಾಲ್ಕು ಅಂಕಿಗಿಂತ ಹೆಚ್ಚು ನೆನಪಿರದು ಎಂದರಂತೆ. ಹೀಗೆ ನಾಲ್ಕು ಅಂಕಿ ರೂಢಿಗೆ ಬಂತೆಂದು ಅವರೇ ಮುಂದೆ ಹೇಳಿದ್ದಾರೆ. ಸ್ಕಾಟ್ಲೆಂಡಿನ ಜೇಮ್ಸ್ ಗುಡ್‌ಫೆಲೋ ಎಂಬ ಇಂಜಿನಿಯರರು 1966ರಲ್ಲೇ ಕಾರ್ಡು ಮತ್ತು ಗುಪ್ತಸಂಖ್ಯೆಯ ಏರ್ಪಾಟಿಗೆ ಪೇಟೆಂಟಿನ ಅರ್ಜಿ ಹಾಕಿದ್ದುಂಟು. ಭಾರತಕ್ಕೆ ಎ.ಟಿ.ಎಂ. ಬಂದದ್ದು 1987ರಲ್ಲಿ, ಮುಂಬಯಿಗೆ. ಫೋನಿನಿಂದಲೇ ಹಣ ಕಳುಹಿಸುವ ಯು.ಪಿ.ಐ. 2016ರಲ್ಲಿ ಆರಂಭವಾಗಿ, ನಾಲ್ಕು ಅಥವಾ ಆರು ಅಂಕಿಗಳ ಇನ್ನೊಂದು ಗುಪ್ತಸಂಖ್ಯೆಯನ್ನು ನಮ್ಮ ಪಾಲಿಗೆ ತಂದಿತು.

ನಾಲ್ಕು ಅಂಕಿಗಳಿಂದ ಹತ್ತು ಸಾವಿರ ಬಗೆಯ ಸಂಖ್ಯೆಗಳಾಗುತ್ತವೆ. ಮೂರು ಸಲ ತಪ್ಪಿದರೆ ಯಂತ್ರ ತಡೆಹಿಡಿಯುವುದರಿಂದ ಕಳ್ಳನಿಗೆ ಊಹಿಸುವುದು ಕಷ್ಟ. ಆದರೆ ಜನ ಹತ್ತು ಸಾವಿರದಲ್ಲಿ ಯಾವುದನ್ನೋ ಆರಿಸಿಕೊಳ್ಳುವುದಿಲ್ಲ. ಬಯಲಾಗಿಬಿಟ್ಟ ಸುಮಾರು 34 ಲಕ್ಷ ನಾಲ್ಕಂಕಿ ಸಂಖ್ಯೆಗಳನ್ನು 2012ರಲ್ಲಿ ಒಬ್ಬರು ಎಣಿಸಿ ನೋಡಿದಾಗ, ನೂರಕ್ಕೆ ಹೆಚ್ಚುಕಡಿಮೆ 11 ಮಂದಿ 1234 ಎಂದೇ ಇಟ್ಟುಕೊಂಡಿದ್ದರು. ಹುಟ್ಟಿದ ಇಸವಿಗಳೂ ಬಹಳವಾಗಿದ್ದವು. ಮಣೆಯ ನಡುವೆ ನೇರವಾಗಿ ಕೆಳಗಿಳಿಯುವ 2580 ಕೂಡ ಮೇಲಿನ ಸಾಲಿನಲ್ಲೇ ಇತ್ತು. ಅದು ತಲೆ ಆರಿಸಿದ ಸಂಖ್ಯೆಯಲ್ಲ, ಬೆರಳಿಗೆ ಸಲೀಸಾದ ಗೆರೆ. ಬೆರಳಿಗೆ ಸಲೀಸಾದದ್ದು ಹಿಂದೆ ನಿಂತು ನೋಡುವವನ ಕಣ್ಣಿಗೂ ಸಲೀಸು.

ಒಂದೇ ಗೆರೆ, ಬೇರೆ ಸಂಖ್ಯೆ

ಕೈನೆನಪಿನ ಒಂದು ದೋಷವನ್ನು ಸದಸ್ಯರು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಕೈಯಲ್ಲಿ ಫೋನನ್ನೂ ಇನ್ನೊಂದರಲ್ಲಿ ಲೆಕ್ಕದ ಕ್ಯಾಲ್ಕುಲೇಟರನ್ನೂ ಹಿಡಿದು ನೋಡಿರಿ. ಫೋನಿನಲ್ಲಿ ಮೇಲಿನ ಸಾಲು 1, 2, 3. ಕ್ಯಾಲ್ಕುಲೇಟರಿನಲ್ಲಿಯೂ ಕಂಪ್ಯೂಟರ್ ಕೀಲಿಮಣೆಯ ಬಲಭಾಗದಲ್ಲಿಯೂ ಮೇಲಿನ ಸಾಲು 7, 8, 9. ಗುಂಡಿಯೊತ್ತುವ ಟೆಲಿಫೋನ್ ಅಮೆರಿಕದಲ್ಲಿ 1963ರಲ್ಲಿ ಬಳಕೆಗೆ ಬರುವ ಮುನ್ನ ಬೆಲ್ ಪ್ರಯೋಗಾಲಯದವರು ಹಲವು ಜೋಡಣೆಗಳನ್ನು ಜನರಿಂದ ಒತ್ತಿಸಿ ಪರೀಕ್ಷಿಸಿ 1, 2, 3 ಮೇಲಿರುವುದನ್ನು ಆರಿಸಿಕೊಂಡರು. ಲೆಕ್ಕದ ಯಂತ್ರಗಳಲ್ಲಿ ಅದಕ್ಕೂ ಮುಂಚಿನಿಂದ ತಲೆಕೆಳಗಾದ ಕ್ರಮವೇ ಇತ್ತು. ನಮ್ಮ ಎ.ಟಿ.ಎಂ.ಗಳು ಸಾಮಾನ್ಯವಾಗಿ ಟೆಲಿಫೋನಿನ ಕ್ರಮವನ್ನು ಅನುಸರಿಸುತ್ತವೆ.

ಈಗ ಬೆರಳನ್ನು ಎಡಗಡೆಯ ಮೇಲಿನ ಮೂಲೆಯಿಂದ ನಡುವಿಗೆ, ಅಲ್ಲಿಂದ ಬಲಗಡೆಯ ಕೆಳಮೂಲೆಗೆ ಇಳಿಸಿರಿ. ಎ.ಟಿ.ಎಂ.ನಲ್ಲಿ ಒತ್ತಿದ್ದು 1, 5, 9. ಕಂಪ್ಯೂಟರಿನ ಬಲಭಾಗದಲ್ಲಿ ಅದೇ ಗೆರೆ 7, 5, 3 ಆಗುತ್ತದೆ. ಬೆರಳಿಗೆ ಅಂಕಿಯ ಗೊಡವೆ ಇಲ್ಲ. ಜಾಗ ಮಾತ್ರ ಗೊತ್ತು. ಇದಲ್ಲದೆ ಕೆಲವು ಬ್ಯಾಂಕುಗಳ ಆ್ಯಪ್‌ಗಳಲ್ಲಿ ಹಿಂದಿನಿಂದ ನೋಡುವವರಿಗೆ ತಿಳಿಯಬಾರದೆಂದು ಅಂಕಿಗಳ ಜಾಗವನ್ನೇ ಪ್ರತಿಸಲವೂ ಕಲಸಿ ತೋರಿಸುತ್ತಾರೆ. ಅಲ್ಲಿ ಕೈನೆನಪು ಪೂರ್ತಿ ನಿರುಪಯೋಗಿ. ಫೋನ್ ಬಿಚ್ಚಲು ಒಂಬತ್ತು ಚುಕ್ಕಿಗಳನ್ನು ಸೇರಿಸಿ ಎಳೆಯುವ ಗೆರೆಯಂತೂ ರಂಗೋಲಿಯೇ ಸರಿ. ಅದನ್ನು ಇನ್ನೊಬ್ಬರಿಗೆ ಬಾಯಲ್ಲಿ ಹೇಳಿ ತಿಳಿಸುವುದು ಎಷ್ಟು ಕಷ್ಟವೆಂಬುದನ್ನು ಪ್ರಯತ್ನಿಸಿದವರೇ ಬಲ್ಲರು.

ಎರಡನೆಯ ದೋಷ, ಗಮನವಿಟ್ಟರೆ ಕೆಡುವುದು. ಅಡಿಕೆ ಸುಲಿಯುವವರು ಕತ್ತಿಯ ಮೇಲೆ ಕಾಯಿ ಹೇಗೆ ತಿರುಗುತ್ತಿದೆಯೆಂದು ಯೋಚಿಸತೊಡಗಿದರೆ ಕೈ ನಿಧಾನವಾಗುತ್ತದೆ. ಹಾಗೆಯೇ, ಒಂದು ಸಲ ತಪ್ಪಾದ ಮೇಲೆ ಬೆರಳನ್ನೇ ನೋಡುತ್ತ ಒತ್ತಿದರೆ ಇದ್ದಬದ್ದ ಓಟವೂ ತಪ್ಪುತ್ತದೆ. ಮೂರನೆಯದು, ಬದಲಾವಣೆಗೆ ಒಗ್ಗದಿರುವುದು. ಹೊಸ ಸಂಖ್ಯೆ ಇಟ್ಟ ಮೇಲೂ ಕೈ ಹಳೆಯದನ್ನೇ ಒತ್ತುತ್ತದೆ, ಗೇಟು ಬೇರೆ ಕಡೆ ಇಟ್ಟರೂ ದನ ಹಳೆಯ ದಾರಿಗೇ ಹೋಗಿ ನಿಲ್ಲುವಂತೆ. ಇಷ್ಟೆಲ್ಲ ಹೇಳಿದರೂ ಕೈನೆನಪನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅದು ಬೇಗ ಬರುತ್ತದೆ, ಕತ್ತಲಲ್ಲೂ ಬರುತ್ತದೆ, ಚೀಟಿಯಲ್ಲಿ ಬರೆದಿಡುವ ಅಪಾಯವನ್ನು ತಪ್ಪಿಸುತ್ತದೆ. ಆದರೆ ಅದೊಂದನ್ನೇ ನಂಬಿ ಕೂರಬಾರದು ಎಂಬುದಷ್ಟೇ ನಮ್ಮ ಅರಿಕೆ.

ಒಂದು ಮನೆಯ ಕಷ್ಟ

ಮೇಲೆ ಹೇಳಿದ ಘಟನೆಯಾದ ಕೆಲವೇ ವಾರಗಳಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಿದ್ದುಹೋಯಿತು, ಮಾತೂ ನಿಂತಿತು. ತುಮಕೂರಿನ ಆಸ್ಪತ್ರೆಗೆ ಸೇರಿಸಿದರು. ಅಡಿಕೆ ಮಾರಿದ ಹಣ ಅವರೊಬ್ಬರ ಹೆಸರಿನ ಖಾತೆಯಲ್ಲಿ ಸಾಕಷ್ಟಿತ್ತು. ಕಾರ್ಡು ಜೇಬಿನಲ್ಲಿಯೇ ಇತ್ತು. ಮಗ ತಂದೆಯ ಹುಟ್ಟಿದ ಇಸವಿಯನ್ನೂ ಟ್ರ್ಯಾಕ್ಟರಿನ ನಂಬರನ್ನೂ ಒತ್ತಿ ನೋಡಿದ. ಮೂರನೆಯ ಸಲಕ್ಕೆ ಕಾರ್ಡು ನಿಂತಿತು. ನಾವು ನೋಡಲು ಹೋದಾಗ ಆ ತಾಯಿ, "ನಂಬರು ಅವರ ಕೈಗೆ ಗೊತ್ತಿತ್ತಪ್ಪ, ಈಗ ಯಾರನ್ನ ಕೇಳಾನ?" ಎಂದರು. ಮೂವತ್ತು ವರ್ಷ ಜೊತೆಯಲ್ಲಿ ಸಂಸಾರ ಮಾಡಿ, ತೋಟದಲ್ಲಿ ಸರಿಸಮ ದುಡಿದವರು ಆಕೆ. ಆಸ್ಪತ್ರೆಯ ಖರ್ಚಿಗೆ ಕಿವಿಯ ಓಲೆ ಅಡವಿಟ್ಟಿದ್ದರು.

ಆಮೇಲೆ ಬ್ಯಾಂಕಿಗೆ ಹೋಗಿ ವಿಚಾರಿಸಿದಾಗ ದಾರಿ ಸಿಕ್ಕಿತು. ಸಹಿ ಮಾಡಲಾಗದ ರೋಗಿಗಳಿಗಾಗಿ ರಿಸರ್ವ್ ಬ್ಯಾಂಕಿನ ಸೂಚನೆಗಳು ಬಹಳ ಹಿಂದಿನಿಂದಲೂ ಇವೆ. ಖಾತೆದಾರರ ಹೆಬ್ಬೆಟ್ಟನ್ನು, ಅದೂ ಆಗದಿದ್ದರೆ ಕಾಲಿನ ಬೆರಳಿನ ಗುರುತನ್ನು ಪಡೆಯಬಹುದು. ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳು ಅದನ್ನು ಗುರುತಿಸಬೇಕು. ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಹೀಗೆ ಅವರಿಗೆ ಹಣ ಸಿಕ್ಕಿತು. ಈ ವಿಷಯ ಮೊದಲೇ ತಿಳಿದಿದ್ದರೆ ಓಲೆ ಅಡವಿಡಬೇಕಾಗಿರಲಿಲ್ಲ. ಸಂಘದ ಕಾರ್ಯದರ್ಶಿಯಾದ ನಾವೂ ಇದನ್ನು ಸದಸ್ಯರಿಗೆ ಮೊದಲೇ ತಿಳಿಸಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇವೆ. ಈ ಲೇಖನ ಬರೆಯಲು ಅದೇ ಮುಖ್ಯ ಪ್ರೇರಣೆ.

ಇಲ್ಲಿ ಎರಡು ಮಾತುಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ನಾಮನಿರ್ದೇಶನ, ಅಂದರೆ ನಾಮಿನಿ ಹೆಸರು, ಖಾತೆದಾರರು ತೀರಿಕೊಂಡ ಮೇಲೆ ಮಾತ್ರ ಕೆಲಸಕ್ಕೆ ಬರುತ್ತದೆ. ಅವರು ಹಾಸಿಗೆ ಹಿಡಿದಿರುವಾಗ ನಾಮಿನಿಗೆ ಯಾವ ಅಧಿಕಾರವೂ ಇರುವುದಿಲ್ಲ. ಹಾಗಾಗಿ ಬದುಕಿರುವಾಗಿನ ತುರ್ತಿಗೆ, ಇಬ್ಬರಲ್ಲಿ ಯಾರಾದರೊಬ್ಬರು ವ್ಯವಹರಿಸಬಹುದಾದ ಜಂಟಿ ಖಾತೆ ಮೇಲು. ಕಾಲವಾದವರ ಕಾರ್ಡನ್ನು ಮನೆಯವರು ಬಳಸುವುದು ನಿಯಮಕ್ಕೆ ವಿರುದ್ಧ. ನಾಮಿನಿ ಇದ್ದರೆ ಅವರ ಮೂಲಕ ಹಣ ಪಡೆಯಬೇಕು. 2025ರ ನವೆಂಬರ್ 1ರಿಂದ ಬ್ಯಾಂಕಿನ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಸೂಚಿಸಲು ಅವಕಾಶವಾಗಿದೆ.

ಸಂಘದ ಕಚೇರಿಯಲ್ಲಿ

ಸಹಕಾರ ಸಂಘಗಳಲ್ಲಿ ತಿಜೋರಿಗೆ ಜೋಡಿ ಬೀಗ ಹಾಕಿ, ಒಂದೊಂದು ಕೀಲಿಯನ್ನು ಒಬ್ಬೊಬ್ಬರು ಇಟ್ಟುಕೊಳ್ಳುವ ಪದ್ಧತಿಯನ್ನು ಹಿರಿಯರು ಮಾಡಿದ್ದಾರೆ. ಕಾರ್ಯದರ್ಶಿ ರಜೆ ಹೋದರೆ ಕೀಲಿಯನ್ನು ಪುಸ್ತಕದಲ್ಲಿ ಬರೆದು, ಸಹಿ ಪಡೆದು ಹಸ್ತಾಂತರಿಸುತ್ತಾರೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟ ಮೇಲಂತೂ ಹಳ್ಳಿಯ ಸಂಘಗಳಲ್ಲೂ ಲೆಕ್ಕವೆಲ್ಲ ಕಂಪ್ಯೂಟರಿಗೆ ಏರುತ್ತಿದೆ. ಪಾಸ್‌ವರ್ಡ್ ಎಂಬುದು ಅಲ್ಲಿನ ಕೀಲಿ. ಬೆರಳಿನಲ್ಲಿರುವ ಕೀಲಿಯನ್ನು ಪುಸ್ತಕದಲ್ಲಿ ಬರೆದು ಹಸ್ತಾಂತರಿಸಲಾಗುವುದಿಲ್ಲ. ಒಬ್ಬರ ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಕೊಡುವುದೂ ತಪ್ಪು, ಏಕೆಂದರೆ ಮುಂದೆ ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಯಾರು ಮಾಡಿದ್ದೆಂದು ತಿಳಿಯದು. ಇದಕ್ಕೆ ಪರಿಹಾರ ಜೋಡಿ ಬೀಗದ ತತ್ತ್ವದಲ್ಲಿಯೇ ಇದೆ. ಅಧಿಕಾರವುಳ್ಳವರು ಕನಿಷ್ಠ ಇಬ್ಬರಿರಬೇಕು, ಇಬ್ಬರಿಗೂ ಅವರವರದೇ ಪಾಸ್‌ವರ್ಡ್ ಇರಬೇಕು. ಒಬ್ಬರು ಮರೆತರೂ, ಹಾಸಿಗೆ ಹಿಡಿದರೂ ಸದಸ್ಯರ ಬಟವಾಡೆ ನಿಲ್ಲಬಾರದು.

ಪಾಲಿಸಬಹುದಾದ ಕ್ರಮಗಳು

1. ತಿಂಗಳಿಗೊಮ್ಮೆ, ಒಬ್ಬರೇ ಇರುವಾಗ, ಗುಪ್ತಸಂಖ್ಯೆಯನ್ನು ಮನಸ್ಸಿನಲ್ಲಿ ಕನ್ನಡದಲ್ಲೇ ಹೇಳಿಕೊಳ್ಳಿರಿ. ನಾಲ್ಕು ಬಿಡಿ ಅಂಕಿಗಳಿಗಿಂತ "ಐವತ್ತೇಳು, ಎಂಬತ್ತನಾಲ್ಕು" ಎಂಬಂತೆ ಜೋಡಿಯಾಗಿ ಹೇಳಿಕೊಂಡರೆ ಚೆನ್ನಾಗಿ ನಿಲ್ಲುತ್ತದೆ. ಹೇಳಲು ಬರದಿದ್ದರೆ ಅದು ಬೆರಳಿಗೆ ಇಳಿದುಹೋಗಿದೆಯೆಂದು ತಿಳಿದು ಎಚ್ಚೆತ್ತುಕೊಳ್ಳಬೇಕು.

2. ಅಂಕಿಯನ್ನು ಮಾತಿಗೆ ಕಟ್ಟಿರಿ. ಇದು ನಮ್ಮವರಿಗೆ ಹೊಸದಲ್ಲ. ಸಂಗೀತದ ಮೇಳಕರ್ತ ರಾಗಗಳ ಹೆಸರಿನಲ್ಲೇ ಕಟಪಯಾದಿ ಕ್ರಮದಿಂದ ಅವುಗಳ ಸಂಖ್ಯೆ ಅಡಗಿದೆ. ಮೇಚಕಲ್ಯಾಣಿಯ ಮೊದಲ ಎರಡು ಅಕ್ಷರಗಳಲ್ಲಿ 'ಮ'ಕಾರಕ್ಕೆ 5, 'ಚ'ಕಾರಕ್ಕೆ 6. ಹಿಂದುಮುಂದಾಗಿ ಓದಿದರೆ 65, ಅದೇ ಆ ರಾಗದ ಸಂಖ್ಯೆ. ನಮಗೆ ಅಷ್ಟು ಪಾಂಡಿತ್ಯ ಬೇಡ. ನಾಲ್ಕು ಪದಗಳ ಒಂದು ವಾಕ್ಯ ಮಾಡಿಕೊಂಡು ಅಕ್ಷರ ಎಣಿಸಿದರೆ ಸಾಕು. "ಅಜ್ಜಿ ಕೆರೆಯಲ್ಲಿ ಬಟ್ಟೆಗಳನ್ನು ಒಗೆದಳು" ಎಂದರೆ 2, 4, 5, 4. ಈ ಉದಾಹರಣೆಯನ್ನೇ ಯಾರೂ ಇಟ್ಟುಕೊಳ್ಳಬಾರದೆಂದು ಬೇರೆ ಹೇಳಬೇಕಾಗಿಲ್ಲ.

3. ಹುಟ್ಟಿದ ಇಸವಿ, ವಾಹನದ ನಂಬರು, ಜಮೀನಿನ ಸರ್ವೆ ನಂಬರು, 1234, ನೇರ ಗೆರೆ ಇವು ಬೇಡ. ಕಾರ್ಡಿಗೂ ಯು.ಪಿ.ಐ.ಗೂ ಒಂದೇ ಸಂಖ್ಯೆ ಬೇಡ.

4. ಸಂಖ್ಯೆ ಬದಲಾಯಿಸಿದ ದಿನವೂ ಮರುದಿನವೂ ಅದನ್ನು ಹೇಳಿಕೊಂಡೇ ಬಳಸಿರಿ. ಬಿಡುವಾಗಿ ನಿಂತಿರುವಾಗ ಎಡಗೈಯಿಂದಲೂ ಒಮ್ಮೆ ಒತ್ತಿ ನೋಡಿರಿ.

5. ಎರಡು ಸಲ ತಪ್ಪಾದರೆ ಮೂರನೆಯದಕ್ಕೆ ಕೈ ಹಾಕದೆ ಕಾರ್ಡು ತೆಗೆದುಕೊಂಡು ಹೊರಗೆ ಬನ್ನಿರಿ. ಕುಳಿತು, ಕಣ್ಣು ಮುಚ್ಚಿ, ನಾವು ಮಾಡಿದಂತೆ ಬೆರಳಿಗೆ ಬಿಡಿರಿ. ಬಾರದಿದ್ದರೆ ಹೊಸ ಸಂಖ್ಯೆ ಪಡೆಯುವುದು ಕಷ್ಟವಲ್ಲ. ಕಾರ್ಡಿನದನ್ನು ಬ್ಯಾಂಕಿಗೆ ಕೊಟ್ಟಿರುವ ಮೊಬೈಲ್ ನಂಬರಿನ ಸಹಾಯದಿಂದ ಪಡೆಯಬಹುದು. ಯು.ಪಿ.ಐ.ನದನ್ನು ಕಾರ್ಡಿನ ಕೊನೆಯ ಆರು ಅಂಕಿ ಮತ್ತು ಅವಧಿ ಮುಗಿಯುವ ತಿಂಗಳು, ವರ್ಷ ಕೊಟ್ಟು ಬದಲಾಯಿಸಬಹುದು. ಆ ಮೊಬೈಲ್ ನಂಬರು ಈಗಲೂ ಚಾಲ್ತಿಯಲ್ಲಿದೆಯೇ ಎಂದು ಇಂದೇ ನೋಡಿಕೊಳ್ಳಿರಿ.

6. ಮರೆತೆವೆಂದು ಕಾರ್ಡಿನ ಹಿಂಭಾಗದಲ್ಲೋ ಪಾಸ್‌ಪುಸ್ತಕದ ರಟ್ಟಿನ ಮೇಲೋ ಬರೆಯಬೇಡಿರಿ. ಯಂತ್ರದ ಬಳಿ ಸಹಾಯಕ್ಕೆ ಬರುವ ಅಪರಿಚಿತರಿಗೆ ಹೇಳಬೇಡಿರಿ. ಬ್ಯಾಂಕಿನವರೆಂದು ಫೋನ್ ಮಾಡಿ ಕೇಳುವವರು ಬ್ಯಾಂಕಿನವರಲ್ಲ. ಯು.ಪಿ.ಐ. ಗುಪ್ತಸಂಖ್ಯೆ ಬೇಕಾಗುವುದು ಹಣ ಕಳುಹಿಸಲು ಮತ್ತು ಬಾಕಿ ನೋಡಲು, ಹಣ ಬರಿಸಿಕೊಳ್ಳಲು ಬೇಕಿಲ್ಲ. ಮೋಸವಾಯಿತೆಂದು ತಿಳಿದ ಕೂಡಲೇ 1930ಕ್ಕೆ ಕರೆಮಾಡಬೇಕು.

7. ಯಾವ ಬ್ಯಾಂಕಿನಲ್ಲಿ ಯಾವ ಖಾತೆ, ಯಾವ ಠೇವಣಿ, ಯಾರು ನಾಮಿನಿ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು ಮನೆಯವರಿಗೆ ತೋರಿಸಿ ಇಡಿರಿ. ಅದರಲ್ಲಿ ಗುಪ್ತಸಂಖ್ಯೆ ಇರಬೇಕಾಗಿಲ್ಲ. ಎಲ್ಲಿಗೆ ಹೋಗಿ ಕೇಳಬೇಕೆಂಬುದು ತಿಳಿದಿದ್ದರೆ ಸಾಕು.

ಕೊನೆಯ ಮಾತು

ನಮ್ಮ ಕಸುಬಿನಲ್ಲಿ ಕೈಗೆ ಗೊತ್ತಿರುವುದೇ ಹೆಚ್ಚು. ಗೊನೆ ಹದಕ್ಕೆ ಬಂದದ್ದು, ಕಾಫಿಯ ಹಣ್ಣು ಕೀಳುವಾಗ ಕಾಯನ್ನು ಬಿಟ್ಟು ಹಣ್ಣಿಗೇ ಬೆರಳು ಹೋಗುವುದು, ಬೇಯುವ ಅಡಿಕೆಯನ್ನು ಉಗುರಿನಿಂದ ಒತ್ತಿ ನೋಡುವುದು ಇವನ್ನೆಲ್ಲ ಯಾವ ಪುಸ್ತಕದಿಂದಲೂ ಕಲಿತವರಲ್ಲ. ಮಕ್ಕಳು ಪಕ್ಕದಲ್ಲಿ ನಿಂತು, ನೋಡಿ, ತಾವೂ ಕೈ ಹಾಕಿ ಕಲಿತಿದ್ದಾರೆ. ಗುಪ್ತಸಂಖ್ಯೆಯನ್ನು ಹಾಗೆ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಲಾಗದು, ಕಲಿಸಲೂಬಾರದು. ಆದಕಾರಣ ಅದರ ಹಿಂದಿರುವ ಹಣ ಮನೆಯವರಿಗೆ ಸಿಕ್ಕುವ ದಾರಿಯನ್ನು ಬೇರೆಯಾಗಿ ಮಾಡಿಡಬೇಕು.

ಮೇಲೆ ಹೇಳಿದ ಹಿರಿಯ ಸದಸ್ಯರು ಈಗ ಮನೆಗೆ ಬಂದಿದ್ದಾರೆ. ಎಡಗೈಯಲ್ಲಿ ಲೋಟ ಹಿಡಿಯುವಷ್ಟು ಚೇತರಿಸಿಕೊಂಡಿದ್ದಾರೆ. ಖಾತೆಗೆ ಪತ್ನಿಯ ಹೆಸರೂ ಸೇರಿದೆ, ಓಲೆಯೂ ಬಿಡಿಸಿಕೊಂಡಾಗಿದೆ. ಈ ಸಂಚಿಕೆ ತಮ್ಮ ಕೈಸೇರಿದ ದಿನ ಬೀರುವಿನಿಂದ ಪಾಸ್‌ಪುಸ್ತಕವನ್ನು ಹೊರತೆಗೆದು, ಅದರಲ್ಲಿ ಯಾರ ಹೆಸರಿದೆಯೆಂದು ಮನೆಯವರೊಂದಿಗೆ ಕುಳಿತು ನೋಡಬೇಕೆಂದು ಎಲ್ಲ ಸದಸ್ಯರಲ್ಲಿ ವಿನಂತಿ. ನಾಮನಿರ್ದೇಶನದ ಅರ್ಜಿ ತುಂಬಲು ತೊಡಕಾದವರು ಕೆಲಸದ ದಿನಗಳಲ್ಲಿ ಸಂಘದ ಕಚೇರಿಗೆ ಬಂದರೆ ನಾವು ಕುಳಿತು ತು೦ಬಿಸಿಕೊಡುತ್ತೇವೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ